ತಿದಿಯಿಂದ ಸೂಪರ್‌ಚಾರ್ಜರಿಗೆ

ನನ್ನ ಬರೆಯುವ ಮೇಜಿನ ಮೇಲೆ ತೂತುಬಿದ್ದ ಪಿಸ್ಟನ್ ಒಂದಿದೆ. ಕನ್ನಡ ಪಾಠ ಹೇಳಿಕೊಂಡಿರುವವನ ಮೇಜಿನ ಮೇಲೆ, ನಿಘಂಟುಗಳ ಪಕ್ಕದಲ್ಲಿ, ಮೋಟಾರು ಇಂಜಿನ್ನಿನ ಈ ತುಂಡಿಗೆ ಏನು ಕೆಲಸವೆಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ಬೋರಲು ಹಾಕಿದ ಲೋಟದಂತಿರುವ ಅದರ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ರಂಧ್ರ. ಅಂಚು ಒಡೆದದ್ದಲ್ಲ, ಕೊರೆದದ್ದೂ ಅಲ್ಲ. ಬೆಲ್ಲದ ಅಚ್ಚು ಬಿಸಿಗೆ ಜಾರಿದಂತೆ ಕರಗಿ ನಿಂತಿದೆ. ಒಂದು ವರ್ಷದ ಕರಿಮೆಣಸಿನ ದುಡ್ಡು ಈ ತೂತಿನಲ್ಲಿ ಹೋಯಿತೆಂದು ನನ್ನ ಅಕ್ಕ ಈಗಲೂ ಹೇಳುತ್ತಾಳೆ.

ಅಕ್ಕನ ಮಗ ಪೊನ್ನಂಪೇಟೆಯ ಹತ್ತಿರ ತೋಟ ನೋಡಿಕೊಂಡಿದ್ದಾನೆ. ತೋಟಕ್ಕಿಂತ ಮೋಟಾರಿನ ಮೇಲೆ ಪ್ರೀತಿ ಹೆಚ್ಚು. ಮೂರು ವರ್ಷದ ಕೆಳಗೆ ಒಬ್ಬರ ಕೈದಾಟಿದ ವೇಗದ ಕಾರೊಂದನ್ನು ಕೊಂಡ. ಅದರ ಇಂಜಿನ್ ಹುಟ್ಟಿನಿಂದಲೇ ಚುರುಕು, ಗಾಳಿಯನ್ನು ಬಿಗಿಯಾಗಿ ಒತ್ತುವ ಜಾತಿಯದು. ಅದು ಅವನಿಗೆ ಸಾಲಲಿಲ್ಲ. ಹೊರದೇಶದಿಂದ ಹಳೆಯ ಸೂಪರ್‌ಚಾರ್ಜರ್ ಒಂದನ್ನು ತರಿಸಿ, ಕಾಫಿ ಒಣಗಿಸುವ ಕಣದ ಪಕ್ಕದ ಕೊಟ್ಟಿಗೆಯಲ್ಲಿ, ಗೆಳೆಯನೊಬ್ಬನ ಜೊತೆ ಸೇರಿ ಬೆಲ್ಟು ಹಾಕಿ ಕೂರಿಸಿದ. ಮೂರು ವಾರ ಅವನ ಕಾಲು ನೆಲದ ಮೇಲಿರಲಿಲ್ಲ. "ಇದು ಕಾರಲ್ಲ ಮಾವ, ಹುಲಿ" ಎನ್ನುತ್ತಿದ್ದ. ಮಾರ್ಚ್ ತಿಂಗಳ ಒಂದು ಉರಿಬಿಸಿಲ ಮಧ್ಯಾಹ್ನ ಕಣ್ಣೂರಿಗೆ ಹೋಗಿ ಹಿಂದಿರುಗುವಾಗ, ಮಾಕುಟ್ಟದ ಘಟ್ಟ ಹತ್ತುತ್ತಿದ್ದಂತೆ, ಡಬ್ಬದೊಳಗೆ ಗೋಲಿ ಹಾಕಿ ಅಲ್ಲಾಡಿಸಿದಂಥ ಸದ್ದು ಕೇಳಿತಂತೆ. ಕಾಲು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ನೀಲಿ ಹೊಗೆ; ಆಮೇಲೆ ಮೌನ. ಪರವಾನಗಿಯಿಲ್ಲದೆ ವಾಹನದ ಇಂಜಿನ್ ಮಾರ್ಪಡಿಸಿ ಸಾರ್ವಜನಿಕ ರಸ್ತೆಗೆ ತರುವುದು ಕಾನೂನಿಗೂ ವಿರೋಧ. ಆ ತಪ್ಪು ಬೇರೆ.

ಈಗ ಮತ್ತೆ ಅದೇ ಕೆಲಸಕ್ಕೆ ಕೈಹಾಕಬೇಕೆಂದು ಹೊರಟಿದ್ದಾನೆ. ಈ ಸಲ ಪಂದ್ಯದ ಬಯಲಿಗೆ ಮಾತ್ರ, ರಸ್ತೆಗಲ್ಲ ಎಂದು ತಾಯಿಗೆ ಮಾತು ಕೊಟ್ಟಿದ್ದಾನೆ. ಕೈಹಾಕುವ ಮೊದಲು ಪಿಸ್ಟನ್ನನ್ನು ತಂದು ನನ್ನ ಮುಂದಿಟ್ಟ. "ಮಾವ, ತಪ್ಪು ಯಂತ್ರದ್ದೋ ನನ್ನದೋ? ನೀವು ಪುಸ್ತಕ ಓದುವವರು. ನೋಡಿ ಹೇಳಿ." ಪಂಪನ ಕಾಲವನ್ನು ಕೇಳಿದ್ದರೆ ಕೂಡಲೇ ಹೇಳುತ್ತಿದ್ದೆ. ಇದಕ್ಕೆ ಒಂದು ಬೇಸಗೆ ರಜೆ ಬೇಕಾಯಿತು. ಹುಡುಕುತ್ತ ಹೋದಂತೆ, ಈ ತೂತು ನಮ್ಮ ಹುಡುಗನ ಕಾರಿನಲ್ಲಿ ಮೊದಲಿಗೆ ಬಿದ್ದದ್ದಲ್ಲ, ನೂರು ವರ್ಷದ ಯಂತ್ರಚರಿತ್ರೆಯ ಉದ್ದಕ್ಕೂ ಬೀಳುತ್ತ ಬಂದದ್ದು ಎಂದು ತಿಳಿಯಿತು.

ಮೊದಲು ಹೆಸರಿನ ಮಾತು. ಸೂಪರ್‌ಚಾರ್ಜರ್ ಎಂಬುದಕ್ಕೆ ಕನ್ನಡದಲ್ಲಿ ಹೊಸ ಪದ ಹೊಸೆಯಬೇಕಾಗಿಲ್ಲ. ಕಮ್ಮಾರನ ಕುಲುಮೆಯ ಪಕ್ಕದಲ್ಲಿ ನಮ್ಮ ಪದ ಕಾದು ಕುಳಿತಿದೆ: ತಿದಿ. ಒಲೆಗೆ ಊದುಗೊಳವೆಯಿಂದ ಊದಿದರೆ ಬೆಂಕಿ ಏಕೆ ಏಳುತ್ತದೆ, ತಿದಿಯೊತ್ತಿದರೆ ಇದ್ದಿಲು ಏಕೆ ಬೆಳ್ಳಗೆ ಉರಿಯುತ್ತದೆ ಎಂಬುದು ಮನೆಮನೆಗೂ ಗೊತ್ತಿದ್ದ ವಿಷಯ. ಮೋಟಾರಿನ ಇಂಜಿನ್ ಕೂಡ ಒಂದು ಒಲೆಯೇ. ಅದು ಎಷ್ಟು ಗಾಳಿ ಎಳೆದುಕೊಳ್ಳಬಲ್ಲದೋ ಅಷ್ಟಕ್ಕೆ ತಕ್ಕ ಪೆಟ್ರೋಲನ್ನು ಮಾತ್ರ ಉರಿಸಬಲ್ಲದು. ಅದರ ಬಾಯಿಗೆ ತಿದಿ ಕಟ್ಟಿ ಹೊರಗಿನಿಂದ ಗಾಳಿಯನ್ನು ಒತ್ತಿ ತುಂಬಿದರೆ ಹೆಚ್ಚು ಪೆಟ್ರೋಲು ಉರಿಯುತ್ತದೆ, ಹೆಚ್ಚು ಶಕ್ತಿ ಹುಟ್ಟುತ್ತದೆ. ಸೂಪರ್‌ಚಾರ್ಜರ್ ಎಂದರೆ ಇಷ್ಟೇ.

ವಿಶೇಷವೆಂದರೆ, ಮೋಟಾರಿನ ತಿದಿಯ ಹಿರಿಯನೂ ಕುಲುಮೆಯಿಂದಲೇ ಬಂದವನು. ಅಮೆರಿಕದ ಇಂಡಿಯಾನಾ ಪ್ರಾಂತದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಉಣ್ಣೆಯ ಗಿರಣಿ ನಡೆಸುತ್ತಿದ್ದ ರೂಟ್ಸ್ ಸಹೋದರರು ಗಿರಣಿಯ ನೀರಿನ ಚಕ್ರಕ್ಕೆ ಬದಲಾಗಿ ಹೊಸ ಯಂತ್ರವೊಂದನ್ನು ಮಾಡಹೊರಟರು. ನೀರಿನ ಕೆಲಸಕ್ಕೆ ಅದು ಒದಗಲಿಲ್ಲ. ಗಾಳಿ ಊದುವುದರಲ್ಲಿ ಮಾತ್ರ ಅದ್ಭುತವಾಯಿತು. ೧೮೬೦ರಲ್ಲಿ ಅದಕ್ಕೆ ಸ್ವಾಮ್ಯಪತ್ರ ಪಡೆದರು. ಎರಡು ಗುಂಡು ಕಲ್ಲುಗಳಂಥ ಹಾಲೆಗಳು ಒಂದನ್ನೊಂದು ತಗುಲದೆ ಎದುರುಬದುರಾಗಿ ಸುತ್ತುತ್ತ ಗಾಳಿಯನ್ನು ಮುಂದಕ್ಕೆ ನೂಕುವ ಈ ಯಂತ್ರ ಎರಕದ ಕಾರ್ಖಾನೆಗಳ ಕುಲುಮೆಗೆ ತಿದಿಯಾಗಿ ಮನೆಮಾತಾಯಿತು. ಆಗಿನ್ನೂ ಪೆಟ್ರೋಲು ಕಾರು ಹುಟ್ಟಿರಲಿಲ್ಲ.

ಕಾರಿಗೆ ಅದು ಬಂದದ್ದು ಬೆಟ್ಟದ ದಾರಿಯಲ್ಲಿ. ೧೯೦೮ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲೀ ಚಾಡ್ವಿಕ್ ಎಂಬಾತ ತನ್ನ ದೊಡ್ಡ ಕಾರಿನ ಇಂಜಿನ್ನಿಗೆ ಉಸಿರು ಸಾಲದೆಂದು ಕಂಡು, ತೊಗಲಿನ ಬೆಲ್ಟಿನಿಂದ ಸುತ್ತುವ ಬೀಸಣಿಗೆಯೊಂದನ್ನು ಕಟ್ಟಿ ಬೆಟ್ಟ ಹತ್ತುವ ಪಂದ್ಯಕ್ಕೆ ಇಳಿಸಿದ. ೧೯೨೧ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್ ಕಂಪನಿ ರೂಟ್ಸ್ ಜಾತಿಯ ತಿದಿಯುಳ್ಳ ಕಾರುಗಳನ್ನು ಜನರ ಮುಂದಿಟ್ಟಿತು. ಅಲ್ಲಿ ತಿದಿ ಸದಾ ಊದುತ್ತಿರಲಿಲ್ಲ. ಕಾಲನ್ನು ಪೂರ್ತಿ ಒತ್ತಿದಾಗ ಮಾತ್ರ ಎಚ್ಚತ್ತು ಕಿರಿಚುತ್ತಿತ್ತು. ಎರಡು ವರ್ಷಕ್ಕೆ ಮೊಂಜಾದ ಪಂದ್ಯದಲ್ಲಿ ಫಿಯಟ್ ಕಾರು ತಿದಿಯ ಬಲದಿಂದ ಗೆದ್ದಮೇಲೆ ಯೂರೋಪಿನ ಪಂದ್ಯಗಳಲ್ಲಿ ತಿದಿಯಿಲ್ಲದವರನ್ನು ಕೇಳುವವರಿಲ್ಲವಾಯಿತು.

ಆದರೆ ಎಲ್ಲರೂ ಮರುಳಾಗಲಿಲ್ಲ. ಇಂಗ್ಲೆಂಡಿನ ಬೆಂಟ್ಲಿ ಕಾರುಗಳನ್ನು ಕಟ್ಟಿದ ವಾಲ್ಟರ್ ಓವೆನ್ ಬೆಂಟ್ಲಿಗೆ ತಿದಿಯೆಂದರೆ ಆಗದು. ಹೆಚ್ಚು ಶಕ್ತಿ ಬೇಕೆ, ಇಂಜಿನ್ನನ್ನೇ ದೊಡ್ಡದು ಮಾಡಿ ಎಂಬುದು ಅವನ ಮತ. ಸರ್ ಹೆನ್ರಿ ಬರ್ಕಿನ್ ಎಂಬ ಸಾಹಸಿ ಸವಾರ ಕೇಳಲಿಲ್ಲ. ಡರತಿ ಪ್ಯಾಜೆಟ್ ಎಂಬ ಶ್ರೀಮಂತೆ ಹಣ ಕೊಟ್ಟಳು. ನಾಲ್ಕೂವರೆ ಲೀಟರಿನ ಬೆಂಟ್ಲಿಯ ಮೂತಿಗೆ ತಿದಿ ಬಂತು. ಮೊದಲು ಸುಮಾರು ೧೧೦ ಅಶ್ವಶಕ್ತಿಯಿದ್ದದ್ದು ೧೭೫ಕ್ಕೆ, ಪಂದ್ಯದ ಕಾರಿನಲ್ಲಿ ೨೪೦ಕ್ಕೆ ಏರಿತು. ೧೯೩೦ರ ಲ ಮಾನ್ ಪಂದ್ಯದಲ್ಲಿ ಬರ್ಕಿನ್ ಜರ್ಮನ್ ಮರ್ಸಿಡಿಸ್ಸನ್ನು ಅಟ್ಟಿಸಿಕೊಂಡು ಹೋದದ್ದು ದಂತಕಥೆಯಾಗಿದೆ. ಆದರೆ ಇಪ್ಪತ್ತನಾಲ್ಕು ಗಂಟೆ ಮುಗಿದಾಗ ತಿದಿಯ ಬೆಂಟ್ಲಿಗಳಲ್ಲಿ ಒಂದೂ ಓಟದಲ್ಲಿ ಉಳಿದಿರಲಿಲ್ಲ. ಗೆದ್ದದ್ದು ತಿದಿಯಿಲ್ಲದ, ಆರೂವರೆ ಲೀಟರಿನ ದೊಡ್ಡ ಬೆಂಟ್ಲಿ. ಹಟಕ್ಕೆ ಸಿಕ್ಕಿದ್ದು ಹೆಸರು, ತಾಳ್ಮೆಗೆ ಸಿಕ್ಕಿದ್ದು ಗೆಲುವು.

ತಿದಿ ಕಟ್ಟಿದ ಇಂಜಿನ್ ಏಕೆ ಬಾಳುವುದಿಲ್ಲ? ಇದನ್ನು ನನಗೆ ತಿಳಿಯುವಂತೆ ಹೇಳಿದವರು ಪುಸ್ತಕ ಬರೆದವರಲ್ಲ, ನಮ್ಮೂರಿನ ಹಿರಿಯರೊಬ್ಬರು. ಬೆಂಗಳೂರಿನ ವಿಮಾನ ಕಾರ್ಖಾನೆಯ ಇಂಜಿನ್ ವಿಭಾಗದಲ್ಲಿ ಬಾಳೆಲ್ಲ ಸವೆಸಿ, ನಿವೃತ್ತರಾಗಿ ಪೊನ್ನಂಪೇಟೆಗೆ ಬಂದವರು. ವಯಸ್ಸು ತೊಂಬತ್ತರ ಹತ್ತಿರ. ಕಿವಿ ಮಂದ, ಕೈ ಮಾತ್ರ ಇನ್ನೂ ಚುರುಕು. ನಾನೂ ಹುಡುಗನೂ ಪಿಸ್ಟನ್ ಹಿಡಿದುಕೊಂಡು ಒಂದು ಸಂಜೆ ಅವರ ಜಗಲಿಗೆ ಹೋದೆವು. ಅವರು ಪಿಸ್ಟನ್ನನ್ನು ಮೂಸಿ ನೋಡಿದರು, ಅಂಚನ್ನು ಉಗುರಿನಿಂದ ಸವರಿದರು. "ಎಷ್ಟಕ್ಕೆ ಒತ್ತುತ್ತದೆ ನಿನ್ನ ಇಂಜಿನ್?" ಎಂದರು. "ಹನ್ನೊಂದಕ್ಕೆ ಒಂದು, ಅಜ್ಜ" ಎಂದ ಹುಡುಗ. "ಅದರ ಮೇಲೆ ತಿದಿ ಎಷ್ಟು ಒತ್ತುತ್ತಿತ್ತು?" "ಅರ್ಧ ವಾಯುಭಾರ." ಹಿರಿಯರು ನಕ್ಕರು. ಅಂಗಳದಲ್ಲಿ ಆಳುಗಳು ಕಾಫಿ ಚೆರಿಯನ್ನು ಗೋಣಿಗೆ ತುಂಬುತ್ತಿದ್ದರು. ತುಂಬಿದ ಚೀಲವೊಂದನ್ನು ತೋರಿಸಿ, "ಆ ಚೀಲವನ್ನು ಕುಕ್ಕಿ ಕುಕ್ಕಿ ತುಂಬಿಯಾಗಿದೆ. ಇನ್ನೂ ಅರ್ಧ ಚೀಲ ಅದರಲ್ಲೇ ತುರುಕು ನೋಡೋಣ" ಎಂದರು. "ಹೊಲಿಗೆ ಬಿಡುತ್ತದೆ" ಎಂದ ಹುಡುಗ. "ನಿನಗೆ ಗೊತ್ತಿದೆಯಲ್ಲ ಮಗ. ಮತ್ತೆ ನನ್ನನ್ನೇಕೆ ಕೇಳುತ್ತೀ?"

ಚೀಲದ ಲೆಕ್ಕವನ್ನು ಪಾವಿನಲ್ಲಿ ಹೇಳಿದರೆ ಹೀಗೆ. ಪಿಸ್ಟನ್ ಕೆಳಗಿರುವಾಗ ಸಿಲಿಂಡರಿನಲ್ಲಿ ಹನ್ನೊಂದು ಪಾವು ಗಾಳಿ ಹಿಡಿಯುತ್ತದೆ ಎನ್ನಿ. ಅದು ಮೇಲೇರಿದಾಗ ಅಷ್ಟೂ ಗಾಳಿ ಒಂದು ಪಾವಿನ ಜಾಗಕ್ಕೆ ಇಕ್ಕಟ್ಟಾಗುತ್ತದೆ. ಇದೇ ಹನ್ನೊಂದಕ್ಕೆ ಒಂದು. ಹೀಗೆ ಬಿಗಿಯಾಗಿ ಒತ್ತಿ ಉರಿಸಿದರೆ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ. ಆದ್ದರಿಂದಲೇ ಒಳ್ಳೆಯ ಇಂಜಿನ್ನುಗಳ ಒತ್ತು ಹೆಚ್ಚು. ಈಗ ತಿದಿ ಕಟ್ಟಿ ಅರ್ಧ ವಾಯುಭಾರ ಹೆಚ್ಚಿಗೆ ಊದಿದರೆ, ಹನ್ನೊಂದು ಪಾವಿನ ಪಾತ್ರೆಗೆ ಹದಿನಾರೂವರೆ ಪಾವು ಬಂದು ಸೇರುತ್ತದೆ. ಅಷ್ಟೂ ಅದೇ ಒಂದು ಪಾವಿನ ಜಾಗಕ್ಕೆ ತುರುಕಿಕೊಳ್ಳಬೇಕು.

ಗಾಳಿಯನ್ನು ಒತ್ತಿದರೆ ಬಿಸಿಯೇರುತ್ತದೆ. ಸೈಕಲ್ ಪಂಪು ಹೊಡೆದವರೆಲ್ಲ ಬಲ್ಲರು. ಸಾಧಾರಣ ತಿದಿಯೊಂದು ೩೦ ಡಿಗ್ರಿಯ ಗಾಳಿಯನ್ನು ಅರ್ಧ ವಾಯುಭಾರ ಒತ್ತುವಷ್ಟರಲ್ಲೇ ಸುಮಾರು ೯೦ ಡಿಗ್ರಿಗೆ ಏರಿಸಿಬಿಡುತ್ತದೆ. ಹೀಗೆ ಬಿಸಿಯಾದ ಗಾಳಿಯನ್ನು ಪಿಸ್ಟನ್ ಮತ್ತೆ ಹನ್ನೊಂದು ಪಟ್ಟು ಒತ್ತಬೇಕು. ಕಿಡಿ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕ್ರಮವಾಗಿ ಹಬ್ಬಬೇಕಾದದ್ದು. ಆದರೆ ಬಿಸಿ ಮಿತಿಮೀರಿದರೆ ಜ್ವಾಲೆ ಇನ್ನೂ ಮುಟ್ಟದಿರುವ ಕಡೆಯ ಪಾಲು ತಾನಾಗಿಯೇ ಒಮ್ಮೆಲೇ ಸಿಡಿಯುತ್ತದೆ. ಹುಡುಗ ಕೇಳಿದ ಗೋಲಿಗಳ ಸದ್ದು ಇದೇ. ಮೆಕ್ಯಾನಿಕ್ಕುಗಳು ಇದನ್ನು ನಾಕಿಂಗ್ ಎನ್ನುತ್ತಾರೆ. ಉರಿಯುವ ಅನಿಲದ ಶಾಖ ಎರಡು ಸಾವಿರ ಡಿಗ್ರಿಯನ್ನು ಮೀರಿದ್ದು. ಅಲ್ಯೂಮಿನಿಯಂ ಕರಗುವುದು ೬೬೦ಕ್ಕೆ. ಪಿಸ್ಟನ್ ಉಳಿದುಕೊಂಡಿರುವುದು ಲೋಹಕ್ಕೆ ಅಂಟಿನಿಂತ ತೆಳುವಾದ, ತಣ್ಣನೆಯ ಅನಿಲದ ಪೊರೆಯೊಂದರ ರಕ್ಷೆಯಿಂದ. ನಾಕಿಂಗಿನ ಹೊಡೆತ ಆ ಪೊರೆಯನ್ನು ಹರಿಯುತ್ತದೆ. ಆಮೇಲೆ ತೂತು ಬೀಳಲು ಬಹಳ ಹೊತ್ತು ಬೇಡ.

ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೋ ಈ ಸದ್ದಿನ ಬೆನ್ನು ಹತ್ತಿದ. ಒತ್ತನ್ನು ಬೇಕಾದಂತೆ ಹೆಚ್ಚುಕಡಿಮೆ ಮಾಡಬಹುದಾದ ಪ್ರಯೋಗದ ಇಂಜಿನ್ನನ್ನೇ ಕಟ್ಟಿ, ಎಷ್ಟರವರೆಗೆ ತಾಳಬಲ್ಲದು ಎಂಬುದು ಇಂಧನದ ಗುಣಕ್ಕೆ ಕಟ್ಟುಬಿದ್ದಿದೆ ಎಂದು ತೋರಿಸಿದ. ಆಕ್ಟೇನ್ ಎಂದು ನಾವು ಈಗ ಹೇಳುವುದು ಈ ತಾಳ್ಮೆಯ ಅಳತೆ. ೧೯೨೧ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ಆ ತಾಳ್ಮೆಯನ್ನು ಹೆಚ್ಚಿಸಿದ. ಅದರ ವಿಷವನ್ನು ಊರೂರಿನ ಮಕ್ಕಳು ಉಸಿರಾಡಿದರು. ನಮ್ಮ ದೇಶದ ಬಂಕುಗಳಿಂದ ಸೀಸದ ಪೆಟ್ರೋಲು ಮರೆಯಾದದ್ದು ೨೦೦೦ದಲ್ಲಿ.

ಪಂದ್ಯದವರು ಹಿಡಿದ ಇನ್ನೊಂದು ದಾರಿ ಮರದ ಸಾರಾಯಿ, ಎಂದರೆ ಮಿಥೈಲ್ ಆಲ್ಕೊಹಾಲ್. ಇದು ನಮ್ಮ ನಾಡಿಗೆ ಹೊಸದಲ್ಲ. ಭದ್ರಾವತಿಯಲ್ಲಿ ೧೯೨೩ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಗಾಗಿ ಮರವನ್ನು ಭಟ್ಟಿಯಿಳಿಸಿ ಇದ್ದಿಲು ಮಾಡುವಾಗ ಇದೂ ಉಪವಸ್ತುವಾಗಿ ಒದಗುತ್ತಿತ್ತು. ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿ ಗಾಳಿಯನ್ನು ತಂಪು ಮಾಡುವುದು ಅದರ ಗುಣ. ಆದರೆ ತಂಪಿಗೆ ಬೆಲೆಯುಂಟು. ೧೯೫೧ರ ಆಲ್ಫಾ ರೋಮಿಯೋ ಪಂದ್ಯದ ಕಾರು ಬರಿಯ ಒಂದೂವರೆ ಲೀಟರ್ ಇಂಜಿನ್ನಿನಿಂದ ತಿದಿಯ ಬಲದಿಂದ ನಾನೂರಕ್ಕೂ ಹೆಚ್ಚು ಅಶ್ವಶಕ್ತಿ ಹುಟ್ಟಿಸುತ್ತಿತ್ತು. ಒಂದು ಲೀಟರ್ ಇಂಧನಕ್ಕೆ ಓಡುತ್ತಿದ್ದದ್ದು ಸುಮಾರು ಅರ್ಧ ಕಿಲೋಮೀಟರ್. ಆ ವರ್ಷದ ಜುಲೈ ೧೪ರಂದು ಸಿಲ್ವರ್‌ಸ್ಟೋನ್ ಪಂದ್ಯದಲ್ಲಿ ತಿದಿಯಿಲ್ಲದ ನಾಲ್ಕೂವರೆ ಲೀಟರಿನ ಫೆರಾರಿ ಅದನ್ನು ಸೋಲಿಸಿತು. ವಾಲ್ಟರ್ ಬೆಂಟ್ಲಿಯ ಹಳೆಯ ಮಾತು ಇಪ್ಪತ್ತು ವರ್ಷ ತಡವಾಗಿ ಇಟಲಿಯವರ ಕೈಯಲ್ಲಿ ಮತ್ತೊಮ್ಮೆ ಗೆದ್ದಿತು.

ಹಾಗಾದರೆ ತಿದಿ ವ್ಯರ್ಥವೆ? ಅಲ್ಲ. ಅದಕ್ಕೆ ನಿಜವಾದ ಕೆಲಸ ಸಿಕ್ಕಿದ್ದು ನೆಲದ ಮೇಲಲ್ಲ, ಎತ್ತರದಲ್ಲಿ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ನಮ್ಮ ಪೊನ್ನಂಪೇಟೆ ಸಮುದ್ರಮಟ್ಟದಿಂದ ಸುಮಾರು ೮೫೦ ಮೀಟರ್ ಎತ್ತರದಲ್ಲಿದೆ. ಇಲ್ಲೇ ಇಂಜಿನ್ನಿಗೆ ಕಣ್ಣೂರಿನ ಗಾಳಿಗಿಂತ ನೂರಕ್ಕೆ ಹತ್ತು ಪಾಲು ಕಡಿಮೆ. ೧೯೧೮ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ೧೪,೦೦೦ ಅಡಿಗೂ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಲಾರಿಯ ಮೇಲೆ ವಿಮಾನದ ಇಂಜಿನ್ನೊಂದನ್ನು ಹೊತ್ತುಕೊಂಡು ಹೋದ. ಕೆಳಗೆ ೩೫೦ ಅಶ್ವಶಕ್ತಿಯಿದ್ದ ಅದು ಶಿಖರದಲ್ಲಿ ೨೩೦ಕ್ಕೆ ಕುಸಿಯಿತು. ಇಂಜಿನ್ನಿನ ಹೊಗೆಯ ರಭಸದಿಂದಲೇ ಸುತ್ತುವ ತಿದಿಯನ್ನು ಜೋಡಿಸಿದಾಗ ೩೫೬ಕ್ಕೆ ಏರಿತು. ಇಲ್ಲಿ ತಿದಿ ತುಂಬಿದ ಚೀಲಕ್ಕೆ ತುರುಕಲಿಲ್ಲ. ಅರೆಬರೆ ಖಾಲಿಯಾಗಿದ್ದ ಚೀಲವನ್ನು ಭರ್ತಿ ಮಾಡಿತು.

ಈ ಕಥೆ ಮುಂದೆ ನಮ್ಮ ನಾಡಿಗೇ ಬರುತ್ತದೆ. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಬೆಂಬಲದಿಂದ, ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೪೩ರಲ್ಲಿ ಅಮೆರಿಕನ್ ವಾಯುಪಡೆ ಅದರ ಆಡಳಿತವನ್ನು ಕೈಗೆ ತೆಗೆದುಕೊಂಡು, ಪೂರ್ವರಂಗದ ಯುದ್ಧವಿಮಾನಗಳ ದುರಸ್ತಿಗೆ ಬಳಸಿತು. ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಇಳಿದು ಬರುತ್ತಿದ್ದವು. ಅಸ್ಸಾಮಿನಿಂದ ಹಿಮಾಲಯದ ಸೆರಗನ್ನು ದಾಟಿ ಚೀನಕ್ಕೆ ಸರಕು ಸಾಗಿಸುತ್ತಿದ್ದ ಡಕೋಟಾ ಜಾತಿಯ ವಿಮಾನಗಳೂ ಅಲ್ಲಿ ದುರಸ್ತಿಯಾಗುತ್ತಿದ್ದವು. ಈ ಎರಡು ವಿಮಾನಗಳ ಎದೆಯಲ್ಲಿದ್ದದ್ದು ಒಂದೇ ಕುಲದ ಇಂಜಿನ್: ಟ್ವಿನ್ ವಾಸ್ಪ್, ಹದಿನಾಲ್ಕು ಸಿಲಿಂಡರು, ಮೂವತ್ತು ಲೀಟರ್, ಬೆನ್ನಿಗೆ ಹಲ್ಲುಚಕ್ರಗಳಿಂದ ಸುತ್ತುವ ತಿದಿ. ತಿದಿಯಿಲ್ಲದೆ ಆ ಬೆಟ್ಟಗಳ ಗಾಳಿಯಲ್ಲಿ ಅವುಗಳಿಗೆ ಉಸಿರೇ ಇಲ್ಲ. ಬೆಂಗಳೂರು, ಮೈಸೂರು, ಮಂಡ್ಯಗಳ ಹುಡುಗರು ಆ ಇಂಜಿನ್ನುಗಳನ್ನು ಬಿಚ್ಚಿ, ತೊಳೆದು, ಅಳೆದು, ಮತ್ತೆ ಕಟ್ಟಲು ಕಲಿತರು.

ಯುದ್ಧ ಮುಗಿದಮೇಲೆ ಕಾನ್ಪುರದ ಬಯಲಿನಲ್ಲಿ ಲಿಬರೇಟರ್ ಎಂಬ ದೊಡ್ಡ ಬಾಂಬರು ವಿಮಾನಗಳನ್ನು, ಮತ್ತೆ ಹಾರಬಾರದೆಂದು ಬೇಕೆಂದೇ ಕೆಡಿಸಿ, ಬಿಟ್ಟುಹೋಗಿದ್ದರು. ೧೯೪೮ರಲ್ಲಿ ಹೊಸ ಸರ್ಕಾರಕ್ಕೆ ಬಾಂಬರುಗಳು ಬೇಕಾದಾಗ ಬೆಂಗಳೂರಿನ ಕಾರ್ಖಾನೆಯವರು ಅಲ್ಲಿಗೆ ಹೋದರು. ಹಾರುವಷ್ಟು ಮಾತ್ರ ತೇಪೆ ಹಾಕಿ, ಜಂಷೇದ್ ಮುನ್ಷಿ ಎಂಬ ಪರೀಕ್ಷಾ ಚಾಲಕ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ಸರಿಹೋದ ಸುಮಾರು ನಲವತ್ತು ವಿಮಾನಗಳು ಭಾರತೀಯ ವಾಯುಪಡೆಗೆ ಸೇರಿ, ೧೯೬೮ರವರೆಗೂ ದುಡಿದವು. ಅವುಗಳಲ್ಲೊಂದು ಇಂದು ಇಂಗ್ಲೆಂಡಿನ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿದೆ. ಲಿಬರೇಟರಿಗೂ ಟ್ವಿನ್ ವಾಸ್ಪ್ ಇಂಜಿನ್ನೇ. ಅದರ ಮೇಲೆ ಇನ್ನೊಂದು ತಿದಿ, ಹೊಗೆಯಿಂದ ಸುತ್ತುವಂಥದು, ಪೈಕ್ಸ್ ಪೀಕ್ ಶಿಖರಕ್ಕೆ ಮಾಸ್ ಹೊತ್ತೊಯ್ದ ತಿದಿಯ ನೇರ ಸಂತತಿ. ನಮ್ಮ ಹಿರಿಯರು ಕಾರ್ಖಾನೆಗೆ ಸೇರಿದಾಗ ಮೊದಲು ಕೈಯಿಟ್ಟದ್ದು ಇಂಥ ಇಂಜಿನ್ನಿಗೇ.

"ಟ್ವಿನ್ ವಾಸ್ಪಿನ ಒತ್ತು ಎಷ್ಟು, ಹೇಳು ನೋಡೋಣ" ಎಂದರು ಹುಡುಗನಿಗೆ. ಅವನಿಗೆ ಗೊತ್ತಿರಲಿಲ್ಲ. "ಆರು ಮುಕ್ಕಾಲಿಗೂ ಒಂದು ಕೂದಲು ಕಡಿಮೆ, ೬.೭. ನೆಲ ಬಿಟ್ಟು ಏಳುವಾಗ ತಿದಿಯ ಒತ್ತಡ ಪಾದರಸದ ೪೮ ಇಂಚು. ಮಾಮೂಲು ಗಾಳಿ ೩೦ ಇಂಚು. ಗುಣಿಸು." ಹುಡುಗ ಫೋನಿನಲ್ಲಿ ಗುಣಿಸಿದ. ಹತ್ತು ಮುಕ್ಕಾಲಿನ ಹತ್ತಿರ ಬಂತು.

ಆ ರಾತ್ರಿ ಮನೆಗೆ ಬಂದು ಇನ್ನೊಂದು ಇಂಜಿನ್ನಿನ ಲೆಕ್ಕ ನಾನೇ ಹಾಕಿದೆ. ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನಕ್ಕಿದ್ದದ್ದು ರೋಲ್ಸ್ ರಾಯ್ಸ್ ಮರ್ಲಿನ್. ಅದರ ಒತ್ತು ಆರಕ್ಕೆ ಒಂದು. ೧೯೪೦ರಲ್ಲಿ ೧೦೦ ಆಕ್ಟೇನಿನ ಪೆಟ್ರೋಲು ಬಂದಮೇಲೆ ಅದರ ತಿದಿಗೆ ಚದರ ಅಂಗುಲಕ್ಕೆ ೧೨ ಪೌಂಡು ಹೆಚ್ಚಿಗೆ ಊದಲು ಅಪ್ಪಣೆ ಸಿಕ್ಕಿ, ಸುಮಾರು ೧,೦೩೦ ಇದ್ದ ಅಶ್ವಶಕ್ತಿ ೧,೩೧೦ಕ್ಕೆ ಏರಿತು. ೧೨ ಪೌಂಡು ಹೆಚ್ಚಿಗೆ ಎಂದರೆ ಮಾಮೂಲು ಗಾಳಿಯ ಸುಮಾರು ೧.೮ ಪಟ್ಟು. ಆರರಿಂದ ಗುಣಿಸಿದರೆ ಹನ್ನೊಂದರ ಹತ್ತಿರ. ಇದು ಒರಟು ಲೆಕ್ಕವೆಂಬುದು ನಿಜ. ಗಾಳಿಯ ಬಿಸಿ, ಕಿಡಿ ಹೊತ್ತುವ ಗಳಿಗೆ, ಸಿಲಿಂಡರಿನ ಆಕಾರ ಎಲ್ಲವೂ ಅದರೊಳಗೆ ಬರಬೇಕು. ಆದರೂ ಎರಡು ದೇಶಗಳಲ್ಲಿ, ಬೇರೆ ಬೇರೆ ಜನ, ಯುದ್ಧದ ತುರ್ತಿನಲ್ಲಿ, ಆಗಿನ ಅತ್ಯುತ್ತಮ ಪೆಟ್ರೋಲು ಕೈಯಲ್ಲಿಟ್ಟುಕೊಂಡು ತಿದಿಯೊತ್ತಿ ಬಂದು ನಿಂತದ್ದು ಹನ್ನೊಂದರ ಹೊಸ್ತಿಲಲ್ಲಿ. ನಮ್ಮ ಹುಡುಗ ಹೊರಟದ್ದೇ ಹನ್ನೊಂದರಿಂದ! ಅವರು ಮುಗಿಸಿದ ಕಡೆ ಇವನು ಮೊದಲು ಮಾಡಿದ್ದ.

ತಿದಿಯ ಕಥೆ ಕೊಡಗಿನವರ ಎದೆಗೆ ಹತ್ತಿರವಾದ ಇನ್ನೊಂದು ಕಡೆಗೂ ಹೋಗುತ್ತದೆ. ಮರ್ಲಿನ್ನಿನ ತಿದಿಯನ್ನು ತಿದ್ದಿದವನು ಸ್ಟ್ಯಾನ್ಲಿ ಹೂಕರ್ ಎಂಬ ಗಣಿತಜ್ಞ. ೧೯೩೮ರಲ್ಲಿ ರೋಲ್ಸ್ ರಾಯ್ಸಿಗೆ ಸೇರಿದ. ತಿದಿಯ ವಿದ್ಯೆ ಬಲ್ಲವನೆಂದೇ ಮುಂದೆ ಅಲ್ಲಿಯ ಜೆಟ್ ಇಂಜಿನ್ನಿನ ಕೆಲಸದ ಮುಂದಾಳಾದ. ಜೆಟ್ಟಿನಲ್ಲಿ ಪಿಸ್ಟನ್ನೇ ಇಲ್ಲ. ತಿದಿ ಒತ್ತಿದ ಗಾಳಿಯಲ್ಲಿ ಇಂಧನ ಉರಿದು, ಆ ಉರಿಯೇ ತಿದಿಯನ್ನು ಸುತ್ತಿಸುತ್ತದೆ. ಆ ಮನೆಯ ನೀನ್ ಎಂಬ ಇಂಜಿನ್ನಿನಿಂದ ಟೇ ಹುಟ್ಟಿತು. ಟೇಯಿಂದ ಫ್ರಾನ್ಸಿನಲ್ಲಿ ವೆರ್ಡಾನ್ ಬೆಳೆಯಿತು. ವೆರ್ಡಾನ್ ಹೊತ್ತ ಮಿಸ್ಟೇರ್ ವಿಮಾನಗಳು ೧೯೫೭ರಿಂದ ನಮ್ಮ ವಾಯುಪಡೆಗೆ ಬಂದವು. ೧೯೬೫ರ ಸೆಪ್ಟೆಂಬರ್ ೭ರಂದು ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಯಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ, ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರಿನೆದುರು ತಿರುಗಿ ನಿಂತದ್ದು ಇಂಥ ಒಂದು ಮಿಸ್ಟೇರಿನಲ್ಲಿ. ಅವರು ಹಿಂದಿರುಗಲಿಲ್ಲ, ಆದರೆ ಆ ಸ್ಟಾರ್‌ಫೈಟರ್ ಕೂಡ ಹಿಂದಿರುಗಲಿಲ್ಲ. ಈ ಸಂಗತಿ ಹೊರಬಿದ್ದು, ಮರಣೋತ್ತರ ಮಹಾವೀರ ಚಕ್ರ ಸಲ್ಲಲು ೧೯೮೮ ಬರಬೇಕಾಯಿತು. ಕುಲುಮೆಯ ತಿದಿ ಎಲ್ಲಿಂದ ಹೊರಟು ಎಲ್ಲಿ ಮುಟ್ಟಿತೆಂದು ನೆನೆದರೆ ಮೈ ನವಿರೇಳುತ್ತದೆ.

ಆ ಇಂಜಿನ್ನಿನ ಮಿತಿಯನ್ನು ದೇವಯ್ಯನವರು ಎದುರಿಸಿದ್ದು ದೇಶದ ಕರೆಗೆ. ಘಟ್ಟದ ರಸ್ತೆಯಲ್ಲಿ ಮಿತಿಮೀರಲು ನಮ್ಮ ಹುಡುಗನನ್ನು ಯಾರೂ ಕರೆದಿರಲಿಲ್ಲ. ಈ ಮಾತನ್ನು ನಾನು ಅವನಿಗೆ ಹೇಳಿದೆ. ಅವನು ತಲೆತಗ್ಗಿಸಿದ, ಆದರೆ ಆಸೆ ಬಿಡಲಿಲ್ಲ. ಬಿಡಬೇಕೆಂದು ನಾನೂ ಹೇಳಲಾರೆ. ಚರಿತ್ರೆ ಅವನ ಆಸೆಯನ್ನು ತಪ್ಪೆನ್ನುವುದಿಲ್ಲ. ಇಂದಿನ ಇಂಜಿನ್ನುಗಳಿಗೆ ನಾಕಿಂಗ್ ಶುರುವಾದೊಡನೆ ಕೇಳಿ ಕಿಡಿಯನ್ನು ತಡಮಾಡಿಸುವ ಯಂತ್ರದ ಕಿವಿ ಬಂದಿದೆ. ತಿದಿಗೂ ಸಿಲಿಂಡರಿಗೂ ನಡುವೆ ಗಾಳಿಯನ್ನು ತಂಪು ಮಾಡುವ ಜಾಲರಿ ಬಂದಿದೆ. ನಮ್ಮ ಬಂಕುಗಳ ಪೆಟ್ರೋಲಿನಲ್ಲೀಗ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥನಾಲ್ ಬೆರೆತು, ಅದರ ತಾಳ್ಮೆ ತುಸು ಹೆಚ್ಚಿದೆ. ೨೦೧೯ರಲ್ಲಿ ಜಪಾನಿನ ಮಾಜ್ಡಾ ಕಂಪನಿ ಹದಿನಾರಕ್ಕೂ ಹೆಚ್ಚಿನ ಒತ್ತುಳ್ಳ ಪೆಟ್ರೋಲು ಇಂಜಿನ್ನಿಗೇ ತಿದಿ ಜೋಡಿಸಿ ಮಾರುಕಟ್ಟೆಗೆ ತಂದಿತು. ಆದರೆ ಅಲ್ಲಿ ತಿದಿ ಹೆಚ್ಚು ಗಾಳಿ ಊದುವುದು ಹೆಚ್ಚು ಪೆಟ್ರೋಲು ಸುಡುವುದಕ್ಕಲ್ಲ. ಕಡಿಮೆ ಪೆಟ್ರೋಲನ್ನು ಹೆಚ್ಚು ಗಾಳಿಯಲ್ಲಿ ಹದವಾಗಿ ಉರಿಸುವುದಕ್ಕೆ. ಇಷ್ಟು ಬುದ್ಧಿ ಖರ್ಚು ಮಾಡಿದಮೇಲೂ ಅವರು ತುರುಕಲಿಲ್ಲ ಎಂಬುದನ್ನು ಗಮನಿಸಬೇಕು.

ಎರಡನೆಯ ಸಲ ಹಿರಿಯರ ಜಗಲಿಗೆ ಹೋದಾಗ ಹುಡುಗ ಒಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಂಡು ಬಂದಿದ್ದ: ಮೊದಲು ಒತ್ತನ್ನು ಎಂಟೂವರೆಗೆ ಇಳಿಸುವ ಹೊಸ ಪಿಸ್ಟನ್ನುಗಳು, ಆಮೇಲೆ ಗಾಳಿ ತಂಪು ಮಾಡುವ ಜಾಲರಿ, ಆಮೇಲೆ ಕಿಡಿಯ ಗಳಿಗೆಯ ಹೊಂದಾಣಿಕೆ, ಕಡೆಗೆ ತಿದಿ, ಅದೂ ಅರ್ಧಕ್ಕಲ್ಲ, ಕಾಲು ವಾಯುಭಾರಕ್ಕೆ. "ತಿದಿ ಊದದಿದ್ದಾಗ ಇಂಜಿನ್ ಮೊದಲಿಗಿಂತ ಮಂಕಾಗುತ್ತದೆ ಅಜ್ಜ. ಕೆಳಗಿನ ಎಳೆತ ಹೋಗುತ್ತದೆ" ಎಂದು ಗೊಣಗಿದ. "ಹೋಗಲೇಬೇಕು. ತುಂಬುವುದಕ್ಕೆ ಮೊದಲು ತೆರವು ಮಾಡಬೇಕಲ್ಲ" ಎಂದರು ಅವರು. ಎಂಟೂವರೆಯನ್ನು ಒಂದೂಕಾಲರಿಂದ ಗುಣಿಸಲು ನಾನೇ ಹೇಳಿದೆ. ಹತ್ತೂವರೆಗಿಂತ ತುಸು ಹೆಚ್ಚಾಯಿತು, ಆದರೂ ಹನ್ನೊಂದರ ಒಳಗೆ. ಮೂವರೂ ನಕ್ಕೆವು.

ಅವನ ಪ್ರಶ್ನೆಗೆ ಉತ್ತರ ಅಲ್ಲಿಗೆ ಸಿಕ್ಕಿತೆಂದು ನನ್ನ ಭಾವನೆ. ತಪ್ಪು ಯಂತ್ರದ್ದಲ್ಲ, ಆಸೆಯದ್ದೂ ಅಲ್ಲ, ಕ್ರಮದ್ದು. ಕಡೆಗೆ ಮಾಡಬೇಕಾದದ್ದನ್ನು ಅವನು ಮೊದಲು ಮಾಡಿದ್ದ.

ಇಂಜಿನ್ನೀಗ ಬಿಚ್ಚಿದ ಸ್ಥಿತಿಯಲ್ಲಿ ಕಣದ ಪಕ್ಕದ ಕೊಟ್ಟಿಗೆಯಲ್ಲಿದೆ. ಹೊಸ ಪಿಸ್ಟನ್ನುಗಳಿಗೆ ಈ ವರ್ಷದ ಮೆಣಸು ಮಾರಾಟವಾಗುವವರೆಗೆ ಕಾಯಬೇಕೆಂದು ಅಕ್ಕ ಕಟ್ಟುಮಾಡಿದ್ದಾಳೆ. ಹುಡುಗ ಕಾಯುತ್ತಿದ್ದಾನೆ, ಮೊದಲ ಸಲ ಅವನು ಕಾದಿರಲಿಲ್ಲ. ತೂತುಬಿದ್ದ ಪಿಸ್ಟನ್ನನ್ನು ಹಿಂದಕ್ಕೆ ಕೊಡುತ್ತೇನೆಂದರೆ, "ನಿಮ್ಮಲ್ಲೇ ಇರಲಿ ಮಾವ, ನಾನು ಬಂದಾಗಲೆಲ್ಲ ಕಣ್ಣಿಗೆ ಬೀಳಲಿ" ಎಂದ. ಅದಕ್ಕೇ ಅದು ಇನ್ನೂ ನನ್ನ ಮೇಜಿನ ಮೇಲಿದೆ.